ಅಜ್ಜನಿಗೆ ಮೊಮ್ಮಗ ಹುಟ್ಟಿದ ವರ್ಷ

ಎಳ್ಳಮಾವಾಸ್ಯೆ ಹತ್ತಿರ ಬಂತೆಂದರೆ ಆ ವಿಡಿಯೋ ತುಣುಕು ಎಲ್ಲಿಂದಲೋ ನನ್ನ ಫೋನಿಗೆ ಬಂದು ಬೀಳುತ್ತದೆ. ಈ ವರ್ಷವೂ ಬಂತು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದೆ. ಎದುರಿಗಿದ್ದ ಇತಿಹಾಸದ ಮೇಡಂ ತಮ್ಮ ಫೋನನ್ನೂ ನನ್ನ ಮುಖದ ಹತ್ತಿರ ಹಿಡಿದು, "ನೋಡ್ರಿ, ಎಷ್ಟ ಚೆಂದ ಐತಿ. ನಿಮ್ಮ ಯರಗುಪ್ಪಿ ಕಡೇನ ಶೂಟಿಂಗ್ ಮಾಡಿದ್ದಂತಲ್ರಿ ಇದು?" ಅಂದರು.

ಎರೆಹೊಲ. ಎದೆಯೆತ್ತರದ ಬಿಳಿಜೋಳ. ಮುಂದೆ ರುಮಾಲು ಸುತ್ತಿದ ಮುದುಕ ಬುಟ್ಟಿಯಿಂದ ಎಡೆಯ ಅನ್ನ ತೆಗೆದು ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗುತ್ತಾನೆ. ಹಿಂದೆ ಒಬ್ಬ ತರುಣ ತಾಮ್ರದ ಚರಿಗೆಯಿಂದ ನೀರು ಚಿಮುಕಿಸುತ್ತ "ಸಲಾಂಬ್ರಿಗೋ" ಎಂದು ಓಗೊಡುತ್ತಾನೆ. ಆಮೇಲೆ ಅವನು ಕಾಲು ಜಾರಿ ಬೀಳುತ್ತಾನೆ, ನೀರೆಲ್ಲ ಮೈಮೇಲೆ. ಮುದುಕ ಹೆಂಟೆ ಎತ್ತಿಕೊಂಡು ಅಟ್ಟಿಸಿಕೊಂಡು ಹೋಗುತ್ತಾನೆ. ಕೆಳಗೆ ಸಾಲು ಸಾಲು ಕೆಂಪು ಹೃದಯ.

"ಹೌದ್ರಿ," ಅಂದು ಮತ್ತೆ ಉತ್ತರ ಪತ್ರಿಕೆಗೆ ಬಗ್ಗಿದೆ. ಪೆನ್ನು ಹಾಳೆ ಹರಿಯುವಷ್ಟು ಒತ್ತುತ್ತಿತ್ತು.

ಆ ಮುದುಕ ನನ್ನ ಅಜ್ಜ. ಆ ಹೊಲ ನಮ್ಮದು. ಚರಿಗೆಯೂ ನಮ್ಮ ಮನೆಯದೇ. ಅದನ್ನು ಹಿಡಿದವನು ಮಾತ್ರ ನಮ್ಮವನಲ್ಲ. ಅವನು ನಿಂತ ಜಾಗ ನನ್ನದು.

ಅಜ್ಜಿ ತೀರಿಕೊಂಡ ಮೇಲೆ ಅಜ್ಜ ಹುಬ್ಬಳ್ಳಿಗೆ ನಮ್ಮ ಮನೆಗೆ ಬರಲು ಒಪ್ಪಲಿಲ್ಲ. ಅದೇ ಹೊತ್ತಿಗೆ ನನಗೆ ಕುಂದಗೋಳದಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ನಾನು ಯರಗುಪ್ಪಿಗೆ ಬಂದು ಅಜ್ಜನ ಜೊತೆ ಇರತೊಡಗಿದೆ. ಅಜ್ಜ ಸರಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತನಾದವನು. ಪಾಯಜಾಮ, ಇಸ್ತ್ರಿ ಮಾಡಿದ ಅಂಗಿ, ಕನ್ನಡಕ. ಬೆಳಿಗ್ಗೆ ಪೇಪರು ಮೊದಲಿನಿಂದ ಕೊನೆಯವರೆಗೆ ಓದುತ್ತಾನೆ, ಫೋನಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಶುಭೋದಯ ಕಳಿಸುತ್ತಾನೆ. ರೊಟ್ಟಿ ಅವನು ಬಡಿಯುತ್ತಿದ್ದ, ಪಲ್ಯ ನಾನು ಮಾಡುತ್ತಿದ್ದೆ. ಉಪ್ಪು ಹೆಚ್ಚಾಯಿತೆಂದು ಅವನು, ರೊಟ್ಟಿ ದಪ್ಪವಾಯಿತೆಂದು ನಾನು. ಮೊಣಕಾಲು ಬಗ್ಗದ ಕಾರಣ ಅವನಿಗೆ ತನ್ನ ಕಾಲಿನ ಉಗುರು ತೆಗೆದುಕೊಳ್ಳಲು ಆಗುತ್ತಿರಲಿಲ್ಲ. ಭಾನುವಾರ ಬಿಸಿನೀರಿನ ಬೋಗುಣಿಯಲ್ಲಿ ಅವನ ಪಾದ ನೆನೆಸಿ ನಾನೇ ತೆಗೆಯುತ್ತಿದ್ದೆ. ಆ ಹೊತ್ತಿಗೆ ಅವನು ತಾನು ಓಡಿಸಿದ ಮಾರ್ಗದ ಊರುಗಳ ಹೆಸರನ್ನು ಒಂದೊಂದಾಗಿ ಹೇಳುತ್ತಿದ್ದ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದೇನೂ ಇರಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಮೈಸೂರು ಕಡೆಯ ಒಬ್ಬ ನಿರ್ದೇಶಕರು ಊರಿಗೆ ಬಂದರು. ಸಿನಿಮಾ ಮಾಡಲು ಹಳ್ಳಿ ಹುಡುಕುತ್ತಿದ್ದರು. ನಮ್ಮ ಕಟ್ಟೆಯ ಮೇಲೆ ಚಹಾ ಕುಡಿದರು, ಮರುದಿನವೂ ಬಂದರು, ಆಮೇಲೆ ಒಂದು ವಾರ ಪಡಸಾಲೆಯಲ್ಲೇ ಉಳಿದರು. ಅಜ್ಜನ ಮಾತಿಗೆ ನಕ್ಕು ನಕ್ಕು ಬೀಳುತ್ತಿದ್ದರು. ಅಜ್ಜ ಹರೆಯದಲ್ಲಿ ಊರ ನಾಟಕಗಳಲ್ಲಿ ಪಾರ್ಟು ಮಾಡಿದವನು. ನಗುವವರು ಸಿಕ್ಕರೆ ಅವನಿಗೆ ಊಟ ಬೇಡ. ನಾನು ನನ್ನ ಪಾಡಿಗೆ ಕಾಲೇಜಿಗೆ ಹೋಗಿ ಬರುತ್ತಿದ್ದೆ. ಅವರು ನಮ್ಮನ್ನು ನೋಡುತ್ತಿದ್ದಾರೆ ಎಂಬುದು ನನಗೆ ಹೊಳೆಯಲಿಲ್ಲ.

ಹಿಂಗಾರಿ ಬಿತ್ತನೆ ಮುಗಿಯುವ ಹೊತ್ತಿಗೆ ಅವರು ಸ್ಕ್ರಿಪ್ಟ್ ಹಿಡಿದುಕೊಂಡು ಬಂದರು. ಅಜ್ಜನೇ ಸಿನಿಮಾದ ಅಜ್ಜನ ಪಾತ್ರ ಮಾಡಬೇಕು ಅಂದರು. "ಮೇಡಂ, ನೀವು ಓದಿದವರು. ಭಾಷೆ ಸ್ವಲ್ಪ ನಿಮ್ಮ ಕಡೆಗೆ ತಿದ್ದಿಕೊಡಿ," ಎಂದು ನನ್ನ ಕೈಗೆ ಹಾಳೆಗಳನ್ನು ಕೊಟ್ಟರು. ಸಂಜೆ ಅಡಿಗೆಮನೆಯಲ್ಲಿ ಕೂತು ಓದಿದೆ. ಕೆಲಸವಿಲ್ಲದ ಮೊಮ್ಮಗನೊಬ್ಬ ಅಜ್ಜನ ಜೊತೆ ಇರುತ್ತಾನೆ. ಅಜ್ಜ ರೊಟ್ಟಿ ಬಡಿಯುತ್ತಾನೆ, ಮೊಮ್ಮಗ ಪಲ್ಯ ಮಾಡುತ್ತಾನೆ. ಉಪ್ಪಿಗೆ ಜಗಳ. ಬಿಸಿನೀರಿನ ಬೋಗುಣಿಯಲ್ಲಿ ಪಾದ. ಅಜ್ಜ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುವಾಗ ನಾನು ಒಂದು ದಿನ, "ಇರೂ ನಾಕ ಕೂದಲದ್ದು ದಿನಾ ಹಾಜರಿ ತಗೋತೀಯೇನ ಅಜ್ಜಾ?" ಅಂದಿದ್ದೆ. ಅದು ಪಾಠ ಹೇಳುವವಳ ಬಾಯಿಂದ ಬಂದ ಮಾತು. ಅದೂ ಅಲ್ಲಿತ್ತು. ಎಂದೂ ಹಾಜರಿ ಪುಸ್ತಕ ಮುಟ್ಟದ ಒಬ್ಬ ಪುಂಡನ ಬಾಯಲ್ಲಿತ್ತು.

ಮರುದಿನ ಅವರನ್ನು ಕೇಳಿದೆ. "ಮೊಮ್ಮಗ ಯಾಕೆ?"

ಅವರು ಅಜ್ಜನ ಕಡೆ ಒಮ್ಮೆ ನೋಡಿದರು. "ಕತೆಗೆ ಹಾಗೆ ಬೇಕು ಮೇಡಂ. ಮೊಮ್ಮಗಳು ಅಂದರೆ ಜನ ಅಳೋಕೆ ರೆಡಿ ಆಗಿಬಿಡ್ತಾರೆ. ಇದು ಕಾಮಿಡಿ."

ನಾನು ಭಾಷೆ ತಿದ್ದಿಕೊಟ್ಟೆ. 'ತಾತ' ಇದ್ದಲ್ಲೆಲ್ಲ 'ಅಜ್ಜ' ಮಾಡಿದೆ. ಕೆಟ್ಟ ಕನ್ನಡದಲ್ಲಿ ನನ್ನ ಮನೆ ಮಾತಾಡುವುದನ್ನು ನೋಡಲಾಗಲಿಲ್ಲ, ಅಷ್ಟೆ.

ಶೂಟಿಂಗಿಗೆ ಮುಂಚೆ ಮನೆಯನ್ನು ಹಳ್ಳಿ ಮಾಡಿದರು. ಹಳ್ಳಿಯಲ್ಲೇ ಇದ್ದ ಮನೆಯನ್ನು. ಫ್ರಿಜ್ ದನದ ಕೊಟ್ಟಿಗೆಗೆ ಹೋಯಿತು. ಫ್ಯಾನು ಬಿಚ್ಚಿದರು. ಹಿಂದಿನ ವರ್ಷ ಅಜ್ಜ ಇಷ್ಟಪಟ್ಟು ಹಚ್ಚಿಸಿದ್ದ ಹಸಿರು ಆಯಿಲ್ ಪೇಂಟಿನ ಮೇಲೆ ಕೆಮ್ಮಣ್ಣು ಬಳಿದರು. ಎರೆಭೂಮಿಯ ಊರಿನಲ್ಲಿ ಕೆಮ್ಮಣ್ಣು ಎಲ್ಲಿಂದ ತಂದರೋ. ನನ್ನ ಕೋಣೆ ಮೊಮ್ಮಗನ ಕೋಣೆಯಾಯಿತು. ನನ್ನ ಪುಸ್ತಕಗಳನ್ನು ಗೊಬ್ಬರದ ಖಾಲಿ ಚೀಲಗಳಲ್ಲಿ ತುಂಬಿ ಅಟ್ಟಕ್ಕೆ ಹಾಕಿದರು. ಆ ಜಾಗದಲ್ಲಿ ಒಂದು ಕ್ರಿಕೆಟ್ ಬ್ಯಾಟು, ಕೊಳಕು ಬನಿಯನ್ನು, ಒಡೆದ ಕನ್ನಡಿ ಬಂದವು. ನಾನು ಬಟ್ಟೆಯ ಬ್ಯಾಗು ಹಿಡಿದು ಪಕ್ಕದ ಮನೆಯ ಶಾಂತವ್ವ ಕಾಕುವಿನ ಹತ್ತಿರ ಮಲಗಲು ಹೋದೆ.

"ಏನ ನೀಲವ್ವಾ," ಅಂದಳು ಕಾಕು, ಹಾಸಿಗೆ ಕೊಡವುತ್ತ, "ನಿಮ್ಮಜ್ಜಗ ಗಂಡ ಮಮ್ಮಗ ಹುಟ್ಟ್ಯಾನಂತ. ಬೆಳದಾಂವನ ಹುಟ್ಯಾನ ನೋಡು, ಗಡ್ಡ ಮೀಸಿ ಸಮೇತ. ಪೇಡೆ ಕೊಡಲಿಲ್ಲಲ್ಲ?"

"ಕಾಕು, ಸುಮ್ನಿರು."

"ನಾ ಸುಮ್ನಿರ್ತೀನವಾ. ಊರ ಸುಮ್ನಿರಬೇಕಲ್ಲ."

ಮೊಮ್ಮಗನ ಪಾತ್ರ ಮಾಡಿದವನ ಹೆಸರು ನಿಖಿಲ್. ಬೆಂಗಳೂರಿನವನು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಬಹಳ ಪ್ರಯತ್ನಪಟ್ಟೆ, ಸಾಧ್ಯವಾಗಲಿಲ್ಲ. ಸಂಜೆ ಕಟ್ಟೆಗೆ ಬಂದು, "ಅಕ್ಕಾ, 'ಹೋಗೂಣು' ಅಂತ ಹೇಗೆ ಎಳೀಬೇಕು ಇನ್ನೊಮ್ಮೆ ಹೇಳಿ," ಅನ್ನುತ್ತಿದ್ದ. ಹೇಳಿಕೊಟ್ಟೆ. ಅಜ್ಜ ನನ್ನನ್ನು ಗದರಿಸುವುದನ್ನು, ನಾನು ತಿರುಗಿ ಅನ್ನುವುದನ್ನು ಅವನು ನಮ್ಮಿಬ್ಬರಿಂದಲೇ ಕಲಿತ. ಒಂದು ಬೆಳಿಗ್ಗೆ ಕಾಲೇಜಿಗೆ ಹೊರಟವಳು ಬಾಗಿಲಲ್ಲಿ ನಿಂತೆ. ಅಂಗಳದಲ್ಲಿ ಅಜ್ಜ ಧೋತರ ಉಟ್ಟು ಕುರ್ಚಿಯ ಮೇಲೆ ಕೂತಿದ್ದ. ನಿಖಿಲ್ ಅವನ ಪಾದ ಹಿಡಿದುಕೊಂಡಿದ್ದ. ನಿರ್ದೇಶಕರು ಹೇಳಿಕೊಟ್ಟಂತೆ ಅಜ್ಜ 'ಅಯ್ಯಯ್ಯೋ ಬೆರಳ ಕೊಯ್ದ್ಯಲೇ ಭಾಡ್ಯಾ' ಎಂದು ಚೀರಿದ. ಬೆರಳು ಕೊಯ್ದಿರಲಿಲ್ಲ. ಸುತ್ತ ನಿಂತವರು ನಕ್ಕರು. ಅಜ್ಜನ ಮುಖ ಅರಳಿತ್ತು. ಊರುಗಳ ಹೆಸರು ಅವನು ಹೇಳಲಿಲ್ಲ. ಅಷ್ಟಾದರೂ ಉಳಿಯಿತಲ್ಲ ಅಂದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಎಳ್ಳಮಾವಾಸ್ಯೆ ಬಂತು.

ನಮ್ಮ ಕಡೆ ಆ ದಿನ ಹೊಲಕ್ಕೆ ಹೋಗಿ, ಐದು ಕಲ್ಲು ಹೂಡಿ ಸುಣ್ಣ ಹಚ್ಚಿ ಪೂಜೆ ಮಾಡಿ, ಮಾಡಿಕೊಂಡು ಹೋದ ಅಡಿಗೆಯನ್ನೆಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತೇವೆ. ಅದು ಚರಗ. ಬಸುರಿಯಾದ ಭೂಮಿಗೆ ಬಯಕೆಯ ಊಟ. ಒಬ್ಬರು ಬುಟ್ಟಿ ಹಿಡಿದು ಮುಂದೆ, ಒಬ್ಬರು ನೀರಿನ ಚರಿಗೆ ಹಿಡಿದು ಹಿಂದೆ. ಹೆಚ್ಚಾಗಿ ಗಂಡಸರೇ ಇಬ್ಬರೂ. ನಮ್ಮ ಮನೆಯಲ್ಲಿ ನನಗೆ ಅಣ್ಣತಮ್ಮಂದಿರಿಲ್ಲ. ಚರಿಗೆ ಎತ್ತುವಷ್ಟು ಶಕ್ತಿ ಬಂದಾಗಿನಿಂದ ಅಜ್ಜನ ಹಿಂದೆ ನಾನೇ. ಹುಬ್ಬಳ್ಳಿಯಲ್ಲಿ ಓದುವಾಗಲೂ ಆ ದಿನಕ್ಕೆ ತಪ್ಪದೆ ಬರುತ್ತಿದ್ದೆ. ನಾಲ್ಕು ಜನರೆದುರು ಜೋರಾಗಿ ಮಾತಾಡದ ನಾನು ವರ್ಷಕ್ಕೊಮ್ಮೆ ಗಂಟಲು ಬಿಚ್ಚಿ ಕೂಗುವುದು ಅಲ್ಲಿ ಮಾತ್ರ.

ಹಿಂದಿನ ದಿನ ಶಾಂತವ್ವ ಕಾಕು ಮತ್ತು ನಾನು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಕಡುಬು, ಶೇಂಗಾ ಹೋಳಿಗೆ ಎಲ್ಲ ಮಾಡಿದ್ದೆವು. ಬೆಳಿಗ್ಗೆ ಹೊಲಕ್ಕೆ ಹೋದರೆ ಕ್ಯಾಮರಾ ಆಗಲೇ ಬದುವಿನ ಮೇಲಿತ್ತು. ನಿರ್ದೇಶಕರು, "ರಿಯಲ್ ಹಬ್ಬ, ರಿಯಲ್ ಊಟ, ಇಂಥ ಚಾನ್ಸ್ ಮತ್ತೆ ಸಿಗಲ್ಲ," ಅನ್ನುತ್ತಿದ್ದರು. ಪೂಜೆಯಾಯಿತು. ನಾನು ಚರಿಗೆಗೆ ನೀರು ತುಂಬಿದೆ. ಅಜ್ಜ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ನಿಖಿಲ್‌ಗೆ ಕೊಟ್ಟ. "ಇದು ಸಿನಿಮಾದ್ದು ಬೇ. ನಮ್ದು ಆಮ್ಯಾಲೆ ಮಾಡೂಣು," ಅಂದ.

ಒಮ್ಮೆ ಚೆಲ್ಲಿದರು. ಬಿಸಿಲು ಸರಿಯಿಲ್ಲ ಅಂದರು. ಮತ್ತೊಮ್ಮೆ ಚೆಲ್ಲಿದರು. ನಿಖಿಲ್ ಜಾರಿ ಬೀಳುವುದು ಸರಿಯಾಗಲಿಲ್ಲ. ಮತ್ತೆ. ಎಡೆ ಮುಗಿಯಿತು, ನಾವು ಉಣ್ಣಲು ಇಟ್ಟುಕೊಂಡಿದ್ದ ಬುತ್ತಿಯನ್ನೂ ಬುಟ್ಟಿಗೆ ಸುರಿದರು. ತೆನೆ ಹಿಡಿದ ಜೋಳದ ಸಾಲುಗಳಲ್ಲಿ ಬೂಟುಗಾಲುಗಳು ಓಡಾಡಿದವು. ಎಲ್ಲ ಮುಗಿದ ಮೇಲೆ ಅಜ್ಜ ಖಾಲಿ ಬುಟ್ಟಿ ಹಿಡಿದು ನಮ್ಮ ಹತ್ತಿರ ಬಂದ.

"ನಮ್ದು?" ಅಂದೆ.

ಅಜ್ಜ ಬುಟ್ಟಿಯೊಳಗೆ ನೋಡಿದ, ಹೊಲದ ಕಡೆ ನೋಡಿದ. ಚರಗ ಒಮ್ಮೆ ಚೆಲ್ಲಿದರೆ ಆಯಿತು. ಉಂಡ ಎಲೆಗೆ ಮತ್ತೆ ಎಡೆ ಬಡಿಸುವುದಿಲ್ಲ. ಇದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಕ್ಯಾಮರಾದ ಮುಂದೆ ಮಾಡಿದ್ದು ಲೆಕ್ಕಕ್ಕಿಲ್ಲ ಅಂದುಕೊಂಡಿದ್ದ.

ಶಾಂತವ್ವ ಕಾಕು ಬಾಯಿ ಬಿಟ್ಟಳು. "ಅಲ್ರಿ ಮಾವಾರ, ಸಿನಿಮಾ ಯಾವುದು ಖರೇ ಯಾವುದು ಅಂತ ಭೂಮಿತಾಯಿಗೇನ ಗೊತ್ತಾಕ್ಕೈತ್ರಿ? ಆಕಿ ಉಂಡ ಕೈ ತೊಳಕೊಂಡ್ಲು."

ಅಜ್ಜ, "ಹೂಂ, ಆತ ಬಿಡು. ಮುಂದಿನ ವರ್ಷ ಐತೆಲ್ಲ," ಅಂದ. ಅಷ್ಟೇ. ನಾನು ಖಾಲಿ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟೆ. ಸದ್ದು ಸ್ವಲ್ಪ ಜೋರಾಗಿಯೇ ಆಯಿತು.

ಮಳೆಗಾಲ ಬರುವ ಹೊತ್ತಿಗೆ ಸಿನಿಮಾ ಬಂತು. ಹುಬ್ಬಳ್ಳಿಯಲ್ಲಿ ಮೊದಲ ಆಟಕ್ಕೆ ನಮ್ಮನ್ನೆಲ್ಲ ಕರೆದೊಯ್ದರು. ನಮ್ಮ ಊರಿನವರು, ನಮ್ಮಪ್ಪ, ಅವ್ವ, ಎಲ್ಲರೂ ಇದ್ದರು. ಹಾಜರಿಯ ಮಾತಿಗೆ ಥೇಟರು ಸೀಟಿ ಹೊಡೆಯಿತು. ಅಪ್ಪ ಕೂಡ ಕಣ್ಣಲ್ಲಿ ನೀರು ಬರುವಂತೆ ನಕ್ಕ. ಪಾದದ ಉಗುರು ತೆಗೆಯುವಾಗ ನನ್ನ ಹಿಂದೆ ಕೂತವರು ಯಾರೋ, "ಇಂಥಾ ಮಮ್ಮಗ ಇರಬೇಕ ನೋಡ," ಅಂದರು. ನಾನು ತಿರುಗಿ ನೋಡಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತೆ.

ಮುಗಿದ ಮೇಲೆ ಅಜ್ಜನನ್ನು ಪರದೆಯ ಮುಂದೆ ನಿಲ್ಲಿಸಿ ಮೈಕು ಕೊಟ್ಟರು. ಅವನು ಸಿನಿಮಾದ ಧೋತರವನ್ನೇ ಉಟ್ಟು ಬಂದಿದ್ದ. ನಿಖಿಲ್‌ನ ಹೆಗಲ ಮೇಲೆ ಕೈ ಹಾಕಿ, "ಇಂವ ನನ್ನ ಮಮ್ಮಗ ನೋಡ್ರಿ. ಇಂವ ಇರೂ ತನಕ ನನಗೇನೂ ಚಿಂತಿಲ್ಲ," ಅಂದ. ಚಪ್ಪಾಳೆ. ನನ್ನ ಕಡೆ ಅವನ ಕಣ್ಣು ಬಂತು, ಹೊರಟುಹೋಯಿತು.

ಮರುದಿನ ಬೆಳಿಗ್ಗೆ ಅವನು ರೊಟ್ಟಿಗೆ ಹಿಟ್ಟು ನಾದುತ್ತಿದ್ದ. ನಾನು ಬದನೆಕಾಯಿ ಹೆಚ್ಚುತ್ತಿದ್ದೆ.

"ಅಜ್ಜಾ, ನಿನ್ನ ಮಮ್ಮಗ ಯಾವಾಗ ಹುಟ್ಟಿದ?"

"ಸಿನಿಮಾದ ಮಾತ ಬೇ ಅದು."

"ಸಿನಿಮಾ ಮುಗದಿತ್ತು. ಲೈಟ್ ಹತ್ತಿದ್ವು. ನಾ ಅಲ್ಲೇ ಕುಂತಿದ್ದೆ."

"ಮಂದಿ ಖುಷಿಲೇ ಇದ್ರು, ಒಂದ ಮಾತ ಅಂದೆ. ಅದಕ್ಕೇನ ಈಗ?"

"ಆ ಡೈರೆಕ್ಟರ್ ನನ್ನ ಮನಿ ತಗೊಂಡ, ನನ್ನ ಮಾತ ತಗೊಂಡ, ನನ್ನನ್ನ ತಗದ ಒಗದ. ನೀ ಆ ಹುಡುಗನ ಹೆಗಲ ಮ್ಯಾಲೆ ಕೈ ಹಾಕಿ ನಿಂತಿ."

ಅಜ್ಜನ ಕೈ ಹಿಟ್ಟಿನಲ್ಲಿ ನಿಂತಿತು. "ಅಂವ ಅಲ್ಲ," ಅಂದ.

"ಏನ ಅಂವ ಅಲ್ಲ?"

"ಡೈರೆಕ್ಟರ್ ಮೊದಲ ಮಮ್ಮಗಳು ಅಂತನ ಬರದಿದ್ದ. ಫೋನಿನ್ಯಾಗ ಓದಿ ಹೇಳಿದಾಗ ನಾನ ಬ್ಯಾಡ ಅಂದೆ. ಮಮ್ಮಗನ್ನ ಮಾಡ್ರಿ, ಇಲ್ಲಂದ್ರ ನಾ ಒಲ್ಲೆ ಅಂದೆ. ನಿನಗ ಹೇಳಬ್ಯಾಡ್ರಿ ಅಂತನೂ ಅಂದೆ."

ಬದನೆಕಾಯಿ ಕೆಳಗಿಟ್ಟೆ. ಇಷ್ಟು ತಿಂಗಳು ನಾನು ತಪ್ಪು ಮನುಷ್ಯನ ಮೇಲೆ ಸಿಟ್ಟು ಮಾಡಿಕೊಂಡು ಬದುಕಿದ್ದೆ.

"ಯಾಕ?"

"ಯಾಕಂದ್ರ? ನಾಳೆ ನಿನ್ನ ನೋಡಾಕ ಬಂದವರು ಸಿನಿಮಾದಾಗ ನೋಡೀವಿ ಇಕಿನ್ನ ಅಂದ್ರ? ಮಂದಿ ನಿನ್ನ ಮ್ಯಾಲೆ ನಕ್ರ? ನಾಕ ಮಂದ್ಯಾಗ ನಿಲ್ಲಾಕ ನಿನಗ ಆಗೂದಿಲ್ಲ. ನಿನ್ನ ಮರ್ಯಾದಿ ಉಳಸಿದೆ ಅಂತ ತಿಳಕೊ."

"ನನ್ನ ಕೇಳಬೇಕಿತ್ತು."

"ಕೇಳಿದ್ರ ಬ್ಯಾಡ ಅಂತಿದ್ದಿ."

"ಹೌದು, ಬ್ಯಾಡ ಅಂತಿದ್ದೆ. ಆದ್ರ ಅದನ್ನ ನಾ ಅಂತಿದ್ದೆ. ನೀ ಅಲ್ಲ."

ಅಜ್ಜ ನನ್ನನ್ನು ನೋಡಿದ. ಅರ್ಥವಾಗಲಿಲ್ಲ ಎಂದು ಅವನ ಮುಖ ಹೇಳುತ್ತಿತ್ತು. ಕೊನೆಗೆ ಬಂದದ್ದು ಒಂದೇ ಅಲ್ಲವೇ, ಇದಕ್ಕೇಕೆ ಇಷ್ಟು ಸಿಟ್ಟು? ನನಗೂ ಆಗ ಬಿಡಿಸಿ ಹೇಳಲು ಬರಲಿಲ್ಲ. ಈಗ ಬರುತ್ತದೆ. ಕಡಿಮೆ ಮಾತಾಡುವವರ ಪರವಾಗಿ ಎಲ್ಲರೂ ಮಾತಾಡುತ್ತಾರೆ. ಅಪ್ಪ ನನ್ನನ್ನು ಕೇಳದೆ ನನ್ನ ಫೋಟೋವನ್ನು ಬೀಗರಾಗಬಹುದಾದವರಿಗೆ ಕಳಿಸುತ್ತಾನೆ. ಕಾಲೇಜಿನಲ್ಲಿ ಯಾರೂ ಒಲ್ಲದ ಕೆಲಸದ ಮುಂದೆ ನನ್ನ ಹೆಸರು ಬರೆದಿರುತ್ತಾರೆ. ಆಕೆ ಏನೂ ಅನ್ನೋದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ನನ್ನ ಉತ್ತರ ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ ಪ್ರಶ್ನೆಯೇ ನನ್ನವರೆಗೆ ಬರುವುದಿಲ್ಲ. ಅಜ್ಜನೊಬ್ಬ ಹಾಗಲ್ಲ ಎಂದು ನಾನು ಆ ಮನೆಗೆ ಬಂದಿದ್ದೆ.

ಆಮೇಲೆ ಬಹಳ ದಿನ ನಾವು ಬೇಕಾದಷ್ಟೇ ಮಾತಾಡಿದೆವು. ಅಜ್ಜನಿಗೆ ಏನೋ ತಿಳಿದಿರಬೇಕು, ಅಥವಾ ಶಾಂತವ್ವ ಕಾಕು ತಿಳಿಸಿರಬೇಕು. ಎಲ್ಲವನ್ನೂ ಕೇಳತೊಡಗಿದ. "ಚಾಕ್ಕ ಸಕ್ರಿ ಹಾಕಲೇನ?" "ಫ್ಯಾನ್ ಹಚ್ಚಲೇನ?" "ಕಿಡಕಿ ತಗೀಲೇನ, ಮುಚ್ಚಲೇನ?" ನನಗೆ ಇನ್ನಷ್ಟು ಸಿಟ್ಟು ಬಂತು. "ಅಜ್ಜಾ, ಕಿಡಕಿ ಬಗ್ಗೆ ನನಗೇನೂ ಅಭಿಪ್ರಾಯ ಇಲ್ಲ," ಅಂದೆ. ಅವನು ಕಿಟಕಿಯನ್ನು ಅರ್ಧ ತೆಗೆದು ಹೋದ.

ಮತ್ತೆ ಎಳ್ಳಮಾವಾಸ್ಯೆಯ ಹಿಂದಿನ ದಿನ ನಿರ್ದೇಶಕರ ಫೋನು. ಸ್ಪೀಕರಿನಲ್ಲಿತ್ತು. ನಿಖಿಲ್‌ನನ್ನು ಕರೆದುಕೊಂಡು ಬರುತ್ತೇವೆ, ಅಜ್ಜ ಮತ್ತು ಮೊಮ್ಮಗ ಈ ವರ್ಷವೂ ಚರಗ ಚೆಲ್ಲುವುದನ್ನು ಒಂದು ಸಣ್ಣ ವಿಡಿಯೋ ಮಾಡೋಣ, ಜನ ಕಾಯುತ್ತಿದ್ದಾರೆ ಅಂದರು. ಅಜ್ಜನ ಮುಖದಲ್ಲಿ ಆಸೆ ಹೊತ್ತಿಕೊಂಡದ್ದನ್ನು ಕಂಡೆ. ಅವನು ಹೂಂ ಅನ್ನುತ್ತಾನೆ ಅಂದುಕೊಂಡೆ.

"ಒಂದ ಮಿನಿಟ್ ತಡೀರಿ," ಅಂದ. ಫೋನಿನ ಮೇಲೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದ. "ನೀಲವ್ವಾ, ಏನ ಮಾಡೂಣು?"

"ಬ್ಯಾಡ."

ಅಂಗೈ ತೆಗೆದ. "ನಮ್ಮ ನೀಲವ್ವ ಬ್ಯಾಡಂತಾಳ್ರಿ," ಅಂದ. ಆ ಕಡೆಯಿಂದ ಏನೇನೋ ಮಾತು ಬಂತು. "ಯಾಕಂತ ನಾ ಕೇಳಿಲ್ರಿ. ಬ್ಯಾಡಂತಾಳ," ಅಂದು ಇಟ್ಟ.

ಮರುದಿನ ಹೊಲದಲ್ಲಿ ಪೂಜೆ ಮುಗಿದ ಮೇಲೆ ಅಜ್ಜ ನೀರು ತುಂಬಿದ ಚರಿಗೆ ತಂದು ನನ್ನೆದುರು ನಿಂತ. ಧೋತರವಿಲ್ಲ, ಪಾಯಜಾಮ.

"ಚರಿಗಿ ಹಿಡೀತಿ ಏನವಾ?"

ನಿನ್ನೆ ನಾನು ಅಂದ 'ಬ್ಯಾಡ' ನಿರ್ದೇಶಕರ ಪಾಲಿಗೆ ಹೋಗಿತ್ತು. ಅಜ್ಜನ ಪಾಲಿನದು ಇನ್ನೂ ಬಾಕಿ ಇತ್ತು.

"ಒಲ್ಲೆ," ಅಂದೆ.

ಅವನು ಯಾಕೆ ಅನ್ನಲಿಲ್ಲ. ಎರಡನೇ ಸಲ ಕೇಳಲೂ ಇಲ್ಲ. ಶಾಂತವ್ವ ಕಾಕು ಏನೋ ಅನ್ನಲು ಬಾಯಿ ತೆರೆದಳು. "ಆಕಿ ಒಲ್ಲೆ ಅಂದ್ಲಲ್ಲ, ಬಿಡು," ಅಂದ. ಒಂದು ಕೈಗೆ ಬುಟ್ಟಿ ತೂಗುಹಾಕಿಕೊಂಡು ಅದೇ ಕೈಯಲ್ಲಿ ಚರಿಗೆ ಹಿಡಿದು ಜೋಳದ ಸಾಲಿಗೆ ಇಳಿದ. ಚೆಲ್ಲಿ, "ಹುಲ್ಲುಲ್ಲಿಗೋ" ಅಂದ. ನಿಂತ. ಚರಿಗೆಯನ್ನು ಕೈ ಬದಲಿಸಿ ನೀರು ಚಿಮುಕಿಸಿ ತಾನೇ "ಸಲಾಂಬ್ರಿಗೋ" ಅಂದ. ಎರಡನೆಯದು ಸಣ್ಣ ದನಿಯಲ್ಲಿ ಬಂತು. ನಾಲ್ಕು ಹೆಜ್ಜೆ ಹೋಗಿ ಮತ್ತೆ ಹಾಗೆಯೇ. ಬಾಜು ಹೊಲದಲ್ಲಿ ಊಟಕ್ಕೆ ಕೂತವರು ನೋಡಿ ನಗತೊಡಗಿದರು. "ಸಿನಿಮಾದ ಮಮ್ಮಗ ಎಲ್ಲಿ ಹ್ವಾದನೋ ಮುತ್ಯಾ?" ಎಂದು ಯಾರೋ ಕೂಗಿದರು. ಅಜ್ಜ ತಿರುಗಲಿಲ್ಲ. ಜೋಳದ ನಡುನಡುವೆ ಬಿತ್ತಿದ್ದ ಕುಸುಬಿಯ ಮುಳ್ಳು ಪಾಯಜಾಮಕ್ಕೆ ಚುಚ್ಚಿಕೊಳ್ಳುತ್ತಿದ್ದರೂ ಬಿಡಿಸಿಕೊಳ್ಳಲು ಖಾಲಿ ಕೈ ಇರಲಿಲ್ಲ.

ನನ್ನ ಸಿಟ್ಟು ಇಳಿದಿರಲಿಲ್ಲ. ಇವತ್ತಿಗೂ ಪೂರ್ತಿ ಇಳಿದಿಲ್ಲ. ಅದನ್ನು ಇಟ್ಟುಕೊಂಡೇ ಎದ್ದೆ. ಸಾಲು ದಾಟಿ ಹೋಗಿ ಅವನ ಕೈಯಿಂದ ಚರಿಗೆ ತೆಗೆದುಕೊಂಡೆ. ಅವನು ಕೊಟ್ಟ. ಮುಂದಕ್ಕೆ ನಡೆದು ಹಿಡಿ ತುಂಬ ಚೆಲ್ಲಿ ಕೂಗಿದ.

ನಾನು ಓಗೊಟ್ಟೆ. ವರ್ಷದ್ದೆಲ್ಲ ಗಂಟಲಲ್ಲಿ ಇತ್ತು. ಬಾಜು ಹೊಲದವರ ನಗು ನಿಂತಿತು, ಜೋಳದ ಮೇಲಿದ್ದ ಗುಬ್ಬಿಗಳು ಒಮ್ಮೆಲೇ ಎದ್ದವು.

ಅಜ್ಜ ಬೆಚ್ಚಿ ಹಿಂದಿರುಗಿ ನೋಡಿದ. "ಸಣ್ಣಗ ಕೂಗು ಬೇ. ಹೊಲಕ್ಕ ಕಿವಿ ಕೇಳಸ್ತಾವ."

"ನಿನಗ ಕೇಳಸ್ಲಿ ಅಂತ ಕೂಗೀನಿ," ಅಂದೆ. "ನಡಿ ಮುಂದ."